ಹೆರಿಗೆಯಲ್ಲಾದ ಸಣ್ಣ ಸೀಳುಗಳಿಗೆ ಹೊಲಿಗೆ: ಲೇಬರ್ ರೂಮಿನವರಿಗೆ ಹಂತ ಹಂತದ ಮಾರ್ಗದರ್ಶಿ

ಲೇಬರ್ ರೂಮಿಗೆ ಹೊಸದಾಗಿ ಬಂದ ಸ್ಟಾಫ್ ನರ್ಸ್‌ಗಳು, ಹೌಸ್ ಸರ್ಜನ್‌ಗಳು ಹೇಳುವ ತೊಂದರೆಗಳು ಸುಮಾರಾಗಿ ಇವೇ. ಹೊಲಿಗೆ ಹಾಕಿ ಮುಗಿಸಿದ ಮೇಲೂ ಒಳಗಿನಿಂದ ರಕ್ತ ಜಿನುಗುತ್ತದೆ. ನಾಲ್ಕೈದು ದಿನಕ್ಕೆ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಇಲ್ಲವೇ ಗಾಯ ನೋಡಲು ಚೆನ್ನಾಗಿ ಕೂಡಿದೆ, ಆದರೆ ಬಾಣಂತಿಗೆ ತಿಂಗಳಾದರೂ ನೆಟ್ಟಗೆ ಕೂರಲು ಆಗುವುದಿಲ್ಲ.

ಕೈ ಇನ್ನೂ ಪಳಗಿಲ್ಲ, ಅದಕ್ಕೇ ಹೀಗಾಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಹೆಚ್ಚಿನ ಸಲ ತಪ್ಪು ಸೂಜಿ ಹಿಡಿಯುವ ಮೊದಲೇ ಆಗಿರುತ್ತದೆ. ಸೀಳು ಎಲ್ಲಿ ಶುರುವಾಗಿದೆ, ಎಷ್ಟು ಆಳಕ್ಕಿಳಿದಿದೆ ಅಂತ ಪೂರ್ತಿ ನೋಡಿರುವುದಿಲ್ಲ. ಅದಕ್ಕೇ ಈ ಬರಹದಲ್ಲಿ ಹೊಲಿಯುವುದಕ್ಕೆ ಎಷ್ಟು ಜಾಗ ಕೊಟ್ಟಿದ್ದೇನೋ, ನೋಡುವುದಕ್ಕೂ ಅಷ್ಟೇ ಕೊಟ್ಟಿದ್ದೇನೆ.

ಒಂದು ಮಾತು ಮೊದಲೇ. ಇದು ಮೊದಲನೇ ಮತ್ತು ಎರಡನೇ ಡಿಗ್ರಿ ಸೀಳುಗಳಿಗೆ, ಅಂದರೆ ಗುದದ ಸ್ನಾಯುವಿನವರೆಗೆ ಹೋಗದ ಸೀಳುಗಳಿಗೆ ಮಾತ್ರ. ಅದೂ ತರಬೇತಿ ಪಡೆದವರಿಗೆ. ಮೊದಮೊದಲ ಹೊಲಿಗೆಗಳನ್ನು ಹಿರಿಯರೊಬ್ಬರು ಪಕ್ಕದಲ್ಲಿ ನಿಂತಿರುವಾಗಲೇ ಹಾಕಬೇಕು. ಓದಿ ಕಲಿಯುವ ಕೆಲಸ ಇದಲ್ಲ, ಓದುವುದು ನೆನಪಿಗಷ್ಟೇ. ಉಪಕೇಂದ್ರದಲ್ಲಿ ಅಥವಾ ದಾರಿಯಲ್ಲಿ ಹೆರಿಗೆಯಾಗಿ ಸೀಳು ಆಳವಾಗಿದ್ದರೆ, ಶುದ್ಧವಾದ ಪ್ಯಾಡ್ ಇಟ್ಟು ಒತ್ತಿ ಹಿಡಿದು, 108 ಕರೆಸಿ ಮೇಲಿನ ಆಸ್ಪತ್ರೆಗೆ ಕಳಿಸುವುದೇ ಸರಿಯಾದ ಕೆಲಸ.

## ಹಂತ 1: ಮೊದಲು ಗರ್ಭಕೋಶ, ಆಮೇಲೆ ಸೀಳು

ಮಾಸು ಪೂರ್ತಿ ಬಂದಿದೆಯಾ ನೋಡಿ. ಗರ್ಭಕೋಶ ಗಟ್ಟಿಯಾಗಿಸುವ ಆಕ್ಸಿಟೋಸಿನ್ 10 ಯೂನಿಟ್ ಕೊಟ್ಟಾಗಿದೆಯಾ ಖಚಿತ ಮಾಡಿಕೊಳ್ಳಿ. ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗಿದೆಯಾ ಮುಟ್ಟಿ ತಿಳಿಯಿರಿ. ನಾಡಿ, ಬಿಪಿ ನೋಡಿ.

ಗರ್ಭಕೋಶ ಮೆತ್ತಗಿದ್ದು ರಕ್ತ ಹೋಗುತ್ತಿದ್ದರೆ ಹೊಲಿಗೆಯ ಮಾತೇ ಬೇಡ. ಮೊದಲು ಅದನ್ನು ನಿಭಾಯಿಸಿ, ಸಹಾಯಕ್ಕೆ ಕೂಗಿ. ಗರ್ಭಕೋಶ ಗಟ್ಟಿಯಾಗಿದೆ, ಆದರೂ ಕೆಂಪು ರಕ್ತ ಹರಿಯುತ್ತಲೇ ಇದೆ ಅಂದರೆ ಎಲ್ಲೋ ಸೀಳಿದೆ ಅಂತ ಅರ್ಥ. ಅದು ಕಣ್ಣಿಗೆ ಕಾಣುವ ಕೆಳಗಿನ ಸೀಳೇ ಆಗಿರಬೇಕೆಂದಿಲ್ಲ. ಯೋನಿಯ ಮೇಲ್ಭಾಗದಲ್ಲಿ ಅಥವಾ ಗರ್ಭಕೋಶದ ಬಾಯಲ್ಲಿ ಇರಬಹುದು. ಕಂಡ ಸೀಳನ್ನು ಹೊಲಿದು ನೆಮ್ಮದಿಯಾಗಿ ಕೂತರೆ, ಕಾಣದ ಸೀಳಿನಿಂದ ಬಾಣಂತಿ ರಕ್ತ ಕಳೆದುಕೊಳ್ಳುತ್ತಾಳೆ.

ಸೀಳಿನಿಂದಲೇ ರಕ್ತ ಬರುತ್ತಿದ್ದರೆ ಗಾಜ್ ಇಟ್ಟು ಒತ್ತಿ ಹಿಡಿಯಿರಿ. ರಕ್ತನಾಳ ಚಿಮ್ಮುತ್ತಿದ್ದರೆ ಆರ್ಟರಿ ಫೋರ್ಸೆಪ್ಸ್ ಹಾಕಿ. ಎಲ್ಲ ಸರಿಯಿದ್ದರೆ ತಡ ಮಾಡಬೇಡಿ. ತಡವಾದಷ್ಟೂ ಊತ ಏರುತ್ತದೆ, ಅಂಚುಗಳು ಗುರುತು ಸಿಗುವುದಿಲ್ಲ, ರಕ್ತವೂ ಹೋಗುತ್ತಿರುತ್ತದೆ. ಮಗು ಚೆನ್ನಾಗಿದ್ದರೆ ಅಮ್ಮನ ಎದೆಯ ಮೇಲೆಯೇ ಇರಲಿ. ಹೊಲಿಗೆಗೆ ಅದು ಅಡ್ಡಿಯಲ್ಲ.

## ಹಂತ 2: ಹೇಳಿ, ಒಪ್ಪಿಗೆ ಕೇಳಿ, ಬೆಳಕು ಸರಿಮಾಡಿ

ಒಂಬತ್ತು ತಿಂಗಳು ಹೊತ್ತು, ಗಂಟೆಗಟ್ಟಲೆ ನೋವು ತಿಂದ ಹೆಣ್ಣುಮಗಳು. ಆಕೆಗೆ ಏನೂ ಹೇಳದೆ ಕಾಲು ಎತ್ತಿ ಕಟ್ಟಿ ಸೂಜಿ ಚುಚ್ಚುವುದು ಸರಿಯಲ್ಲ. "ಅಮ್ಮಾ, ಮಗು ಬರುವಾಗ ಇಲ್ಲಿ ಸ್ವಲ್ಪ ಸೀಳಿದೆ. ಎಷ್ಟು ಆಗಿದೆ ಅಂತ ನೋಡಬೇಕು, ಹಿಂದಿನ ದಾರಿಯಲ್ಲೂ ಬೆರಳು ಹಾಕಿ ಪರೀಕ್ಷೆ ಮಾಡಬೇಕು. ಆಮೇಲೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಹೊಲಿಗೆ ಹಾಕ್ತೀನಿ. ನೋವಾದ್ರೆ ಹೇಳಿ, ನಿಲ್ಲಿಸ್ತೀನಿ" ಅಂತ ಹೇಳಲು ಅರ್ಧ ನಿಮಿಷ ಸಾಕು. ಒಪ್ಪಿಗೆ ಸಿಕ್ಕ ಮೇಲೆ ಮುಂದುವರಿಯಿರಿ. ಪರದೆ ಎಳೆಯಿರಿ, ಬಾಗಿಲು ಮುಚ್ಚಿಸಿ. ಕೆಲಸವಿಲ್ಲದವರನ್ನು ಹೊರಗೆ ಕಳಿಸಿ.

ಸೊಂಟ ಟೇಬಲ್ಲಿನ ಅಂಚಿಗೆ ಬರಬೇಕು. ಎರಡೂ ಕಾಲಿಗೆ ಆಧಾರ ಇರಬೇಕು. ನೀವು ಸ್ಟೂಲ್ ಮೇಲೆ ಕೂತು ಕೆಲಸ ಮಾಡಿ. ಬಗ್ಗಿ ನಿಂತು ಹೊಲಿದರೆ ಬೆನ್ನು ನೋಯುತ್ತದೆ, ಬೆನ್ನು ನೋಯಲು ಶುರುವಾದರೆ ಕೈ ಅವಸರ ಮಾಡುತ್ತದೆ. ಫೋಕಸ್ ಲೈಟ್ ನೇರವಾಗಿ ಯೋನಿಯ ಒಳಗೆ ಬೀಳುವಂತೆ ತಿರುಗಿಸಿ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಸೀಳಿನ ತುದಿ ಕಾಣುವುದೇ ಇಲ್ಲ. ಲೈಟ್ ಕೆಟ್ಟಿದ್ದರೆ ಒಬ್ಬರಿಗೆ ಟಾರ್ಚ್ ಹಿಡಿದು ನಿಲ್ಲಲು ಹೇಳಿ.

## ಹಂತ 3: ಟ್ರೇ ಜೋಡಿಸಿಕೊಳ್ಳಿ

ನೀಡಲ್ ಹೋಲ್ಡರ್, ಹಲ್ಲಿರುವ ಫೋರ್ಸೆಪ್ಸ್, ಕತ್ತರಿ, ಎರಡು ಆರ್ಟರಿ ಫೋರ್ಸೆಪ್ಸ್, ಸ್ಪಂಜ್ ಹೋಲ್ಡರ್, ಸಿಮ್ಸ್ ಸ್ಪೆಕ್ಯುಲಮ್ ಬೇಕು. ಜೊತೆಗೆ 10 ಎಂಎಲ್ ಸಿರಿಂಜ್, ಉದ್ದನೆಯ 22 ಗೇಜ್ ಸೂಜಿ, ಮರಗಟ್ಟಿಸುವ ಲಿಗ್ನೋಕೇನ್, ಪೊವಿಡೋನ್ ಅಯೋಡಿನ್, ಎಣಿಸಿಟ್ಟ ಗಾಜ್, ಸ್ಟೆರೈಲ್ ಗ್ಲೌಸ್ ಎರಡು ಜೊತೆ. ಕನ್ನಡಕ ಅಥವಾ ಫೇಸ್ ಶೀಲ್ಡ್ ಹಾಕಿಕೊಳ್ಳಿ, ರಕ್ತ ಕಣ್ಣಿಗೆ ಚಿಮ್ಮುವುದು ಅಪರೂಪವೇನಲ್ಲ.

ದಾರದ ವಿಷಯ. 2-0 ದಪ್ಪದ ಪಾಲಿಗ್ಲಾಕ್ಟಿನ್, ಅದರಲ್ಲೂ ಬೇಗ ಕರಗುವ ರಾಪಿಡ್ ಬಗೆ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಇದು ಸುಮಾರು 42 ದಿನಕ್ಕೆ ಕರಗುತ್ತದೆ, ಹೊಲಿಗೆ ಕೀಳಿಸುವ ತೊಂದರೆ ಕಡಿಮೆ. ಕ್ರೋಮಿಕ್ ಕ್ಯಾಟ್‌ಗಟ್ ಇನ್ನೂ ಅನೇಕ ಕಡೆ ಸಪ್ಲೈ ಇದೆ. ಬೇರೆ ಇಲ್ಲದಿದ್ದರೆ ಅದರಲ್ಲೂ ಹೊಲಿಯಬಹುದು, ಆದರೆ ಅದರಿಂದ ಮೊದಲ ದಿನಗಳ ನೋವು ಜಾಸ್ತಿ. ಕರಗದ ದಾರ ಇಲ್ಲಿ ಬೇಡವೇ ಬೇಡ. ಯೋನಿಗೋಡೆಗೂ ಸ್ನಾಯುವಿಗೂ ರೌಂಡ್ ಬಾಡಿ (ಕೊಯ್ಯುವ ಅಂಚಿಲ್ಲದ, ದುಂಡನೆಯ) ಸೂಜಿ ಇರಲಿ.

ಯೋನಿಯೊಳಗೆ ಇಡುವ ಗಾಜ್ ರೋಲಿಗೆ ಬಾಲ ಇರಲೇಬೇಕು, ಆ ಬಾಲಕ್ಕೆ ಒಂದು ಆರ್ಟರಿ ಫೋರ್ಸೆಪ್ಸ್ ಸಿಕ್ಕಿಸಿಡಿ. ಸಡಿಲ ಗಾಜ್ ತುಂಡನ್ನು ಒಳಗೆ ತುರುಕಬೇಡಿ. ವಾರದ ನಂತರ ಕೆಟ್ಟ ವಾಸನೆ ಅಂತ ವಾಪಸ್ ಬಂದ ಬಾಣಂತಿಯ ಒಳಗಿಂದ ಮರೆತ ಗಾಜ್ ತೆಗೆಯುವ ಸ್ಥಿತಿ ಯಾರಿಗೂ ಬರಬಾರದು.

## ಹಂತ 4: ಸೀಳನ್ನು ಪೂರ್ತಿ ನೋಡುವುದು

ಇಲ್ಲಿ ನಿಧಾನಿಸಿ. ಮೊದಲು ತೊಳೆದು, ರಕ್ತ ಒರೆಸಿ. ಯೋನಿಯ ತುಟಿಗಳನ್ನು ಬಿಡಿಸಿ ಮೂತ್ರದ್ವಾರದ ಸುತ್ತ ನೋಡಿ. ನಂತರ ಎರಡು ಬೆರಳಿನಿಂದ ಹಿಂಗೋಡೆಯನ್ನು ಕೆಳಗೆ ಒತ್ತಿ, ಸೀಳಿನ ಒಳತುದಿ ಎಲ್ಲಿದೆ ಹುಡುಕಿ. ಅದು ಹೊರಗೆ ಕಾಣುವ ಗಾಯಕ್ಕಿಂತ ಬಹಳ ಮೇಲಿರಬಹುದು. ಪಕ್ಕದ ಗೋಡೆಗಳಲ್ಲೂ ಸೀಳಿರಬಹುದು. ಕೆಲವು ಸಲ ಎರಡು ಕಡೆ ಸೀಳಿರುತ್ತದೆ, ನಾವು ಒಂದನ್ನು ಕಂಡು ಇನ್ನೊಂದನ್ನು ಬಿಟ್ಟುಬಿಡುತ್ತೇವೆ.

ಈಗ ಗುದಪರೀಕ್ಷೆ. ಚರ್ಮ ಹರಿದಿಲ್ಲ ಅನಿಸಿದರೂ ಇದನ್ನು ಬಿಡುವಂತಿಲ್ಲ. ಬಲಗೈಗೆ ಎರಡು ಗ್ಲೌಸ್ ಹಾಕಿಕೊಂಡರೆ, ಪರೀಕ್ಷೆ ಮುಗಿದ ಮೇಲೆ ಹೊರಗಿನದನ್ನು ಕಳಚಿದರೆ ಸಾಕು. ತೋರುಬೆರಳನ್ನು ನಿಧಾನಕ್ಕೆ ಗುದದೊಳಗೆ ಹಾಕಿ, ಹೆಬ್ಬೆರಳನ್ನು ಸೀಳಿನ ಮೇಲಿಡಿ. ಎರಡರ ನಡುವೆ ಸಿಗುವ ಭಾಗವನ್ನು ಮೆಲ್ಲಗೆ ಹೊರಳಿಸಿ ನೋಡಿ. ಸ್ಫಿಂಕ್ಟರ್ ಅಂದರೆ ಮಲ ಹಿಡಿದಿಟ್ಟುಕೊಳ್ಳುವ ಸ್ನಾಯು. ಅದು ಬಳೆಯಂತೆ ಸುತ್ತಲೂ ಇರುತ್ತದೆ. ಸರಿಯಿದ್ದರೆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ದಪ್ಪನೆಯ ಕಟ್ಟು ಸಿಗುತ್ತದೆ. ಹರಿದಿದ್ದರೆ ಮುಂಭಾಗದಲ್ಲಿ, ಗಡಿಯಾರದ 12ರ ಜಾಗದಲ್ಲಿ, ಏನೂ ಸಿಗುವುದಿಲ್ಲ. ಬೆರಳಿಗೆ ತೆಳುವಾದ ಚರ್ಮವಷ್ಟೇ ತಾಗುತ್ತದೆ. ಹರಿದ ತುದಿಗಳು ಪಕ್ಕಕ್ಕೆ ಸರಿದುಹೋಗಿ ಅಲ್ಲಿ ಚರ್ಮ ಗುಳಿ ಬಿದ್ದಂತೆ ಕಾಣುತ್ತದೆ.

"ಮೋಶನ್ ತಡೆದು ಹಿಡಿದುಕೊಳ್ಳೋ ಹಾಗೆ ಬಿಗಿ ಮಾಡಿ ಅಮ್ಮಾ" ಅಂತ ಹೇಳಿ. ಬೆರಳಿನ ಸುತ್ತ ಎಲ್ಲ ಕಡೆಯಿಂದ ಹಿಡಿತ ಬರಬೇಕು. ಎಪಿಡ್ಯೂರಲ್ (ನೋವು ತಡೆಯಲು ಬೆನ್ನಿಗೆ ಕೊಡುವ ಇಂಜೆಕ್ಷನ್) ಕೊಟ್ಟಿದ್ದರೆ ಈ ಹಿಡಿತವನ್ನು ನಂಬುವ ಹಾಗಿಲ್ಲ, ಆಗ ಕಣ್ಣು ಮತ್ತು ಬೆರಳೇ ಆಧಾರ. ಗುದದ ಒಳಗೋಡೆಯನ್ನೂ ಬೆರಳಿನಿಂದ ಸವರಿ ನೋಡಿ. ಸ್ಫಿಂಕ್ಟರ್ ಸರಿಯಿದ್ದು ಒಳಗೋಡೆ ಮಾತ್ರ ತೂತಾಗಿರುವುದೂ ಉಂಟು. ಅದನ್ನು ಬಿಟ್ಟರೆ ಮುಂದೆ ಯೋನಿಯಿಂದ ಗಾಳಿ, ಮಲ ಬರುವ ಪಾಡು.

ನೋಡಿದ್ದನ್ನು ಹೀಗೆ ವಿಂಗಡಿಸಿ.

ಮೊದಲನೇ ಡಿಗ್ರಿ: ಚರ್ಮ ಅಥವಾ ಯೋನಿಯ ಒಳಪದರ ಮಾತ್ರ ಹರಿದಿದೆ.

ಎರಡನೇ ಡಿಗ್ರಿ: ಪೆರಿನಿಯಮ್, ಅಂದರೆ ಯೋನಿಗೂ ಗುದಕ್ಕೂ ನಡುವಿನ ಜಾಗದ ಸ್ನಾಯು ಹರಿದಿದೆ, ಸ್ಫಿಂಕ್ಟರ್ ಸರಿಯಿದೆ.

ಮೂರನೇ ಡಿಗ್ರಿ: ಸ್ಫಿಂಕ್ಟರ್ ಹರಿದಿದೆ. ಹೊರ ಸ್ಫಿಂಕ್ಟರ್ ಅರ್ಧಕ್ಕಿಂತ ಕಡಿಮೆ ಹರಿದರೆ 3ಎ, ಅರ್ಧಕ್ಕಿಂತ ಜಾಸ್ತಿ ಹರಿದರೆ 3ಬಿ, ಒಳ ಸ್ಫಿಂಕ್ಟರ್ ಕೂಡ ಹರಿದರೆ 3ಸಿ.

ನಾಲ್ಕನೇ ಡಿಗ್ರಿ: ಇದರ ಜೊತೆಗೆ ಗುದದ ಒಳಪದರವೂ ಹರಿದಿದೆ.

ಮೂರು, ನಾಲ್ಕು ಅಂತ ಅನುಮಾನ ಬಂದರೂ ಸಾಕು, ಅಲ್ಲಿಗೇ ನಿಲ್ಲಿಸಿ ತಜ್ಞರನ್ನು ಕರೆಯಿರಿ. ಅದನ್ನು ಆಪರೇಷನ್ ಥಿಯೇಟರಿನಲ್ಲಿ, ಒಳ್ಳೆಯ ಅರಿವಳಿಕೆ ಕೊಟ್ಟು, ಆಂಟಿಬಯೋಟಿಕ್ ಜೊತೆ ಸರಿಪಡಿಸಬೇಕು. ಎರಡು ಎಂದೋ ಮೂರು ಎಂದೋ ಗೊಂದಲವಿದ್ದರೆ ಮೂರು ಅಂತಲೇ ಇಟ್ಟುಕೊಂಡು ಹಿರಿಯರಿಗೆ ತೋರಿಸಿ. ತಪ್ಪಾಗಿ ಕರೆದರೆ ಯಾರೂ ಬೈಯುವುದಿಲ್ಲ, ಬೈದರೂ ಪರವಾಗಿಲ್ಲ. ಸ್ಫಿಂಕ್ಟರ್ ಹರಿದಿದ್ದು ಗೊತ್ತಾಗದೆ ಮೇಲಿಂದ ಚರ್ಮ ಹೊಲಿದು ಕಳಿಸಿದರೆ, ಆಕೆ ವರ್ಷಗಟ್ಟಲೆ ಯಾರಿಗೂ ಹೇಳಿಕೊಳ್ಳಲಾಗದ ತೊಂದರೆ ಅನುಭವಿಸುತ್ತಾಳೆ. ಮದುವೆ ಮನೆಗೆ ಹೋಗುವುದನ್ನೂ ಬಸ್ ಹತ್ತುವುದನ್ನೂ ಬಿಟ್ಟುಬಿಡುತ್ತಾಳೆ.

## ಹಂತ 5: ಎಲ್ಲಕ್ಕೂ ಹೊಲಿಗೆ ಬೇಕಿಲ್ಲ

ಮೊದಲನೇ ಡಿಗ್ರಿ ಸೀಳು, ರಕ್ತ ಬರುತ್ತಿಲ್ಲ, ಕಾಲು ಜೋಡಿಸಿದಾಗ ಅಂಚುಗಳು ತಾವಾಗಿಯೇ ಕೂಡುತ್ತವೆ ಅಂದರೆ ಹಾಗೇ ಬಿಡಬಹುದು. ಸ್ವಲ್ಪ ಜಿನುಗುತ್ತಿದ್ದರೆ ಪ್ಯಾಡ್ ಇಟ್ಟು ಒತ್ತಿ ಕೆಲವು ನಿಮಿಷ ಕಾಯಿರಿ, ಎಷ್ಟೋ ಸಲ ನಿಂತುಹೋಗುತ್ತದೆ. ಅಂಚು ಕೂಡದಿದ್ದರೆ, ರಕ್ತ ನಿಲ್ಲದಿದ್ದರೆ ಹೊಲಿಯಿರಿ. ಕೆಲವು ಆಸ್ಪತ್ರೆಗಳಲ್ಲಿ ಇಂಥ ಮೇಲ್ಪದರದ ಸೀಳಿಗೆ ಸರ್ಜಿಕಲ್ ಅಂಟನ್ನೂ ಬಳಸುತ್ತಾರೆ. ಸ್ನಾಯು ಹರಿದಿದ್ದರೆ ಅದರಿಂದ ಪ್ರಯೋಜನವಿಲ್ಲ.

ಎರಡನೇ ಡಿಗ್ರಿಯಲ್ಲಿ ಸ್ನಾಯುವನ್ನು ಹೊಲಿಯಲೇಬೇಕು. ಸ್ನಾಯು ಸರಿಯಾಗಿ ಕೂಡಿದ ಮೇಲೆ ಚರ್ಮದ ಅಂಚು ತಾನಾಗಿ ಸೇರಿಕೊಂಡರೆ ಚರ್ಮಕ್ಕೆ ಹೊಲಿಗೆ ಬೇಡ.

ಮೂತ್ರದ್ವಾರದ ಪಕ್ಕದ ಸೀಳಿಗೆ ಹೊಲಿಗೆ ಬೇಕಾದರೆ ಮೊದಲು ಕ್ಯಾಥೆಟರ್ ಹಾಕಿ. ಇಲ್ಲದಿದ್ದರೆ ಸೂಜಿ ಮೂತ್ರನಾಳಕ್ಕೇ ಸಿಕ್ಕಿಕೊಳ್ಳಬಹುದು. ಎರಡೂ ಕಡೆಯ ಒಳತುಟಿ ತರಚಿದ್ದರೆ ಅವು ಒಂದಕ್ಕೊಂದು ಅಂಟಿ ಬೆಸೆಯುವ ಸಂಭವ ಇದೆ. ಸ್ನಾನ ಮಾಡುವಾಗ ದಿನಾ ಮೆಲ್ಲಗೆ ಬಿಡಿಸಿಕೊಳ್ಳಲು ಬಾಣಂತಿಗೆ ಹೇಳಿಕೊಡಿ.

## ಹಂತ 6: ಮರಗಟ್ಟಿಸುವುದು

ಹೆರಿಗೆ ನೋವನ್ನೇ ತಡೆದುಕೊಂಡವಳಿಗೆ ಇದೇನು ದೊಡ್ಡದು ಅನ್ನುವ ಮಾತು ಲೇಬರ್ ರೂಮುಗಳಲ್ಲಿ ಇನ್ನೂ ಕೇಳುತ್ತದೆ. ಆ ಮಾತನ್ನು ಬಿಟ್ಟುಬಿಡೋಣ. ನೋವಾದರೆ ಆಕೆ ಸೊಂಟ ಎತ್ತುತ್ತಾಳೆ, ಕಾಲು ಜೋಡಿಸುತ್ತಾಳೆ. ನಿಮ್ಮ ಹೊಲಿಗೆ ಹಾಳಾಗುತ್ತದೆ, ಸೂಜಿ ನಿಮ್ಮ ಕೈಗೂ ಚುಚ್ಚಬಹುದು.

ಬೆರೆಸುವ ಲೆಕ್ಕ ಸುಲಭ. ಸಾಮಾನ್ಯವಾಗಿ ಸಿಗುವುದು 2 ಪರ್ಸೆಂಟ್ ಲಿಗ್ನೋಕೇನ್ ವೈಯಲ್. ಅದರಲ್ಲಿ 5 ಎಂಎಲ್ ತೆಗೆದು 5 ಎಂಎಲ್ ಸ್ಟೆರೈಲ್ ನಾರ್ಮಲ್ ಸಲೈನ್ ಸೇರಿಸಿದರೆ 1 ಪರ್ಸೆಂಟಿನ 10 ಎಂಎಲ್ ಆಗುತ್ತದೆ. ಒಂದು ಎಂಎಲ್‌ನಲ್ಲಿ 10 ಎಂಜಿ. ತೂಕದ ಕಿಲೋಗೆ 3 ಎಂಜಿ ಅಂತ ಇಟ್ಟುಕೊಂಡರೆ, 50 ಕೆಜಿ ತೂಕದವರಿಗೆ 1 ಪರ್ಸೆಂಟಿನದು 15 ಎಂಎಲ್ ದಾಟಬಾರದು. ಎಪಿಸಿಯೊಟಮಿಗೆ, ಅಂದರೆ ಹೆರಿಗೆ ವೇಳೆ ಯೋನಿಯ ಬಾಯನ್ನು ಕತ್ತರಿಸಿ ಅಗಲಿಸುವುದಕ್ಕೆ, ಮೊದಲೇ ಕೊಟ್ಟಿದ್ದರೆ ಅದನ್ನೂ ಈ ಲೆಕ್ಕಕ್ಕೆ ಸೇರಿಸಿ. ವೈಯಲ್ ಮೇಲಿನ ಹೆಸರನ್ನೂ ಪರ್ಸೆಂಟನ್ನೂ ಗಟ್ಟಿಯಾಗಿ ಓದಿ, ಪಕ್ಕದವರಿಗೂ ತೋರಿಸಿ. ಲಿಗ್ನೋಕೇನ್ ಅಲರ್ಜಿ ಇದೆಯಾ ಕೇಳಿ.

ಯೋನಿಯ ಒಳಪದರದ ಕೆಳಗೆ, ಚರ್ಮದ ಕೆಳಗೆ, ಆಳದ ಸ್ನಾಯುವಿನಲ್ಲಿ, ಮೂರೂ ಕಡೆ ಹೋಗಬೇಕು. ಪ್ರತಿ ಸಲ ಪಿಸ್ಟನ್ ಹಿಂದಕ್ಕೆಳೆದು ರಕ್ತ ಬರುತ್ತದಾ ನೋಡಿ. ಬಂದರೆ ಅಲ್ಲಿ ಬಿಡಬೇಡಿ, ಸೂಜಿ ತೆಗೆದು ಜಾಗ ಬದಲಿಸಿ. ರಕ್ತನಾಳಕ್ಕೆ ಹೋದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ಬಾಣಂತಿ ತುಟಿ, ನಾಲಗೆ ಜೋಮು ಹಿಡಿಯಿತು, ಕಿವಿ ಗುಂಯ್ ಅನ್ನುತ್ತಿದೆ, ತಲೆ ತಿರುಗುತ್ತಿದೆ ಅಂದರೆ ತಕ್ಷಣ ನಿಲ್ಲಿಸಿ ಡಾಕ್ಟರನ್ನು ಕರೆಯಿರಿ.

ಕೊಟ್ಟ ಮೇಲೆ 2 ನಿಮಿಷ ಕಾಯಿರಿ. ಫೋರ್ಸೆಪ್ಸ್‌ನಿಂದ ಮೆಲ್ಲಗೆ ಚಿವುಟಿ ಕೇಳಿ. ಗೊತ್ತಾಗುತ್ತಿದೆ ಅಂದರೆ ಇನ್ನೂ 2 ನಿಮಿಷ ಕಾಯಿರಿ. ಈ ಕಾಯುವಿಕೆಯನ್ನು ನುಂಗಿಹಾಕುವುದು ಎಲ್ಲರೂ ಮಾಡುವ ತಪ್ಪು.

## ಹಂತ 7: ಯೋನಿಯ ಒಳಗೋಡೆ

ಹೊಲಿಗೆಗೆ ಎರಡು ವಿಧಾನಗಳಿವೆ. ಹಳೆಯ ಕ್ರಮದಲ್ಲಿ ಯೋನಿಗೋಡೆಗೆ ಲಾಕ್ ಮಾಡುತ್ತಾ (ಪ್ರತಿ ಹೊಲಿಗೆಯನ್ನೂ ಹಿಂದಿನ ಕುಣಿಕೆಯೊಳಗೆ ಸಿಕ್ಕಿಸುತ್ತಾ) ಹೊಲಿದು, ಸ್ನಾಯುವಿಗೂ ಚರ್ಮಕ್ಕೂ ಬಿಡಿ ಬಿಡಿ ಹೊಲಿಗೆ ಹಾಕುತ್ತಾರೆ. ಇನ್ನೊಂದು, ಒಂದೇ ದಾರದಲ್ಲಿ ಮೂರೂ ಪದರವನ್ನು ಲಾಕ್ ಮಾಡದೆ ಸಡಿಲವಾಗಿ ಹೊಲಿದುಕೊಂಡು ಬರುವುದು. ಎರಡನೆಯದರಲ್ಲಿ ಮೊದಲ ದಿನಗಳ ನೋವು ಕಡಿಮೆ, ದಾರವೂ ಕಡಿಮೆ ಸಾಕು. ಊತ ಬಂದಾಗ ಎಳೆತ ದಾರದ ಉದ್ದಕ್ಕೂ ಹಂಚಿಹೋಗುತ್ತದೆ, ಒಂದೇ ಗಂಟಿನ ಮೇಲೆ ಬೀಳುವುದಿಲ್ಲ. ಮುಂದೆ ಹೇಳುವುದು ಇದನ್ನೇ.

ಸೂಜಿಯನ್ನು ಹೋಲ್ಡರಿನಲ್ಲಿ ಹಿಡಿಯುವಾಗ ಮೊನೆಯಿಂದ ಮೂರನೇ ಎರಡು ಭಾಗ ಬಿಟ್ಟು ಹಿಡಿಯಿರಿ. ಬೆರಳಿನಲ್ಲಿ ಸೂಜಿ ಹಿಡಿದು ಎಳೆಯುವ ಅಭ್ಯಾಸ ಬೇಡ.

ಮೊದಲ ಹೊಲಿಗೆ ಸೀಳಿನ ಒಳತುದಿಗಿಂತ ಅರ್ಧದಿಂದ ಒಂದು ಸೆಂಟಿಮೀಟರ್ ಮೇಲೆ ಬೀಳಬೇಕು. ಹರಿದ ರಕ್ತನಾಳಗಳು ತುದಿಯಿಂದ ಮೇಲಕ್ಕೆ ಸರಿದುಕೊಂಡಿರುತ್ತವೆ. ತುದಿಯಲ್ಲೇ ಅಥವಾ ಅದರ ಕೆಳಗೆ ಶುರು ಮಾಡಿದರೆ ಅವು ಹೊಲಿಗೆಗೆ ಸಿಗದೆ ಒಳಗೊಳಗೇ ಸುರಿಯುತ್ತಿರುತ್ತವೆ. ಹೊಲಿಗೆ ಹಾಕಿದ ಮೇಲೂ ರಕ್ತ ನಿಲ್ಲಲಿಲ್ಲ ಅನ್ನುವವರಲ್ಲಿ ಜಾಸ್ತಿ ಜನ ಎಡವುವುದು ಇಲ್ಲಿ. ತುದಿ ಕಾಣದಿದ್ದರೆ ಕಾಣುವಷ್ಟರಲ್ಲಿ ಒಂದು ಹೊಲಿಗೆ ಹಾಕಿ, ಆ ದಾರವನ್ನು ಮೆಲ್ಲಗೆ ಕೆಳಗೆ ಎಳೆದರೆ ಮೇಲಿನ ಭಾಗ ಇಳಿದು ಬರುತ್ತದೆ. ಆಗಲೂ ಕಾಣದಿದ್ದರೆ ಹಿರಿಯರನ್ನು ಕರೆಯಿರಿ, ಕುರುಡಾಗಿ ಚುಚ್ಚಬೇಡಿ.

ಗಂಟು ಕಟ್ಟಿ, ಗಿಡ್ಡ ತುದಿ ಕತ್ತರಿಸಿ, ಉದ್ದ ದಾರದಿಂದ ಮುಂದುವರಿಯಿರಿ. ಸುಮಾರು ಒಂದು ಸೆಂಟಿಮೀಟರಿಗೊಂದರಂತೆ, ಎರಡೂ ಕಡೆ ಸಮ ಆಳಕ್ಕೆ, ಕನ್ಯಾಪೊರೆಯ ಉಳಿಕೆಗಳವರೆಗೆ ಬನ್ನಿ. ಆ ಉಳಿಕೆಗಳೇ ಒಳ್ಳೆಯ ಗುರುತು. ಬಲಗಡೆಯದು ಎಡಗಡೆಯದಕ್ಕೆ ನೇರವಾಗಿ ಕೂಡಿದರೆ ಉಳಿದದ್ದೆಲ್ಲ ತಾನಾಗಿ ಸರಿಯಾಗುತ್ತದೆ. ಅಲ್ಲಿ ಏರುಪೇರಾದರೆ ಚರ್ಮದವರೆಗೂ ಏರುಪೇರೇ. ಹಾಗಾದರೆ ಬಿಚ್ಚಿ ಮತ್ತೆ ಹಾಕಿ. ಹಿಂಗೋಡೆಯ ಹಿಂದೆಯೇ ಗುದ ಇದೆ ಅನ್ನುವುದು ನೆನಪಿರಲಿ, ತೀರಾ ಆಳಕ್ಕೆ ಸೂಜಿ ಹೋಗಬಾರದು.

## ಹಂತ 8: ಸ್ನಾಯು

ಕನ್ಯಾಪೊರೆಯ ಉಳಿಕೆಯ ಹಿಂದಿನಿಂದ ಸೂಜಿಯನ್ನು ಕೆಳಗಿಳಿಸಿ, ಸ್ನಾಯುವಿನ ಗಾಯದೊಳಗೆ ಹೊರಬರುವಂತೆ ಮಾಡಿ. ಈಗ ಸ್ನಾಯುವನ್ನು ಹುಡುಕಬೇಕು. ಹರಿದ ಸ್ನಾಯುವಿನ ತುದಿಗಳು ಎರಡೂ ಪಕ್ಕಕ್ಕೆ ಸರಿದು ಅಡಗಿರುತ್ತವೆ. ನಡುವೆ ಕಾಣುವ ಹಳದಿ ಕೊಬ್ಬನ್ನೇ ಸ್ನಾಯು ಅಂತ ಹೊಲಿದರೆ ಅದು ಹಿಡಿತ ಕೊಡುವುದಿಲ್ಲ. ಫೋರ್ಸೆಪ್ಸ್‌ನಿಂದ ಪಕ್ಕದ ಕೆಂಪನೆಯ ಗಟ್ಟಿ ಭಾಗವನ್ನು ಹಿಡಿದು ನಡುವಿಗೆ ಎಳೆದುಕೊಳ್ಳಿ, ಎರಡೂ ಕಡೆಯದನ್ನು ಸೇರಿಸಿ ಹೊಲಿಯಿರಿ.

ಗಾಯದ ತಳದಿಂದಲೇ ಶುರು ಮಾಡಬೇಕು. ತಳ ಬಿಟ್ಟು ಮೇಲೆ ಮಾತ್ರ ಸೇರಿಸಿದರೆ ಒಳಗೆ ಪೊಳ್ಳು ಉಳಿಯುತ್ತದೆ, ಅಲ್ಲಿ ರಕ್ತ ತುಂಬಿ ಗಂಟಾಗುತ್ತದೆ, ಕೀವಾಗುತ್ತದೆ. ನಾಲ್ಕನೇ ದಿನ ಬಿಟ್ಟುಕೊಳ್ಳುವ ಹೊಲಿಗೆಗಳ ಹಿಂದೆ ಈ ಪೊಳ್ಳು ಬಹಳ ಸಲ ಇರುತ್ತದೆ. ಗಾಯ ಆಳವಾಗಿದ್ದರೆ ಎರಡು ಪದರವಾಗಿ ಹೊಲಿಯಿರಿ.

ದಾರವನ್ನು ಅಂಚುಗಳು ಮುಟ್ಟುವಷ್ಟು ಮಾತ್ರ ಎಳೆಯಿರಿ. ಬಿಗಿಯಾಗಿ ಎಳೆದರೆ ಗಟ್ಟಿ ಅನ್ನುವುದು ತಪ್ಪು ಲೆಕ್ಕ. ಮಾರನೇ ದಿನ ಊತ ಬಂದಾಗ ಆ ದಾರವೇ ಮಾಂಸವನ್ನು ಕೊಯ್ಯುತ್ತದೆ, ರಕ್ತ ಓಡಾಟ ನಿಲ್ಲಿಸುತ್ತದೆ.

ಯೋನಿಯ ಬಾಯನ್ನು ಬಿಗಿ ಮಾಡಲು ಒಂದು ಹೊಲಿಗೆ ಜಾಸ್ತಿ ಹಾಕಿ ಅಂತ ಕೇಳುವವರಿದ್ದಾರೆ, ಕೇಳದಿದ್ದರೂ ಹಾಕುವವರಿದ್ದಾರೆ. ಖಂಡಿತ ಹಾಕಬೇಡಿ. ಅದರಿಂದ ಗಾಯಕ್ಕೆ ಏನೂ ಒಳ್ಳೆಯದಾಗುವುದಿಲ್ಲ. ಆಕೆಗೆ ಸಿಗುವುದು ಮುಂದಿನ ದಾಂಪತ್ಯದುದ್ದಕ್ಕೂ ನೋವು.

## ಹಂತ 9: ಚರ್ಮ

ಸ್ನಾಯು ಚೆನ್ನಾಗಿ ಕೂಡಿದ್ದರೆ ಇಲ್ಲಿ ಕೆಲಸ ಕಡಿಮೆ. ಗುದದ ಕಡೆಯ ತುದಿಯಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಚರ್ಮದ ಹೊರಗೆ ಸೂಜಿ ಬರಬಾರದು. ಚರ್ಮದ ಸ್ವಲ್ಪ ಕೆಳಗೆ, ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ, ಎದುರುಬದುರಾಗಿ ಸಣ್ಣ ಹೊಲಿಗೆ ಹಾಕುತ್ತಾ ಯೋನಿಯ ಬಾಯಿಗೆ ತಲುಪಿ. ಕೊನೆಯ ಗಂಟನ್ನು ಕನ್ಯಾಪೊರೆಯ ಉಳಿಕೆಯ ಒಳಭಾಗಕ್ಕೆ ಹಾಕಿ. ಹೊರಗೆ ಗಂಟು ಉಳಿದರೆ ಕೂತಾಗಲೆಲ್ಲ ಚುಚ್ಚುತ್ತದೆ. ದಾರವನ್ನು ಗಂಟಿಗೆ ತಾಗಿಸಿ ಕತ್ತರಿಸಬೇಡಿ, ಜಾರಿಬಿಡುತ್ತದೆ.

## ಹಂತ 10: ಮುಗಿಸುವ ಮೊದಲು

ಬಾಲದ ಗಾಜ್ ರೋಲ್ ತೆಗೆಯಿರಿ. ಎರಡು ಬೆರಳು ಯೋನಿಯಲ್ಲಿ ಸಲೀಸಾಗಿ ಹೋಗುತ್ತವೆಯಾ ನೋಡಿ. ಮತ್ತೆ ಗುದಪರೀಕ್ಷೆ ಮಾಡಿ. ಬೆರಳಿಗೆ ದಾರ ತಾಗಿದರೆ ಹೊಲಿಗೆ ಗುದದೊಳಗೆ ಹೋಗಿದೆ ಅಂತ ಅರ್ಥ. ಎಷ್ಟೇ ಬೇಸರವಾದರೂ ಬಿಚ್ಚಿ ಮತ್ತೆ ಹೊಲಿಯಬೇಕು. ಹಾಗೇ ಬಿಟ್ಟರೆ ಸೋಂಕು, ಫಿಸ್ಟುಲಾ (ಗುದಕ್ಕೂ ಯೋನಿಗೂ ನಡುವೆ ತೂತು) ಆಗುವ ಅಪಾಯ.

ಗಾಜ್, ಸೂಜಿ, ಉಪಕರಣ ಎಲ್ಲವನ್ನೂ ಇಬ್ಬರು ಸೇರಿ ಎಣಿಸಿ. ಲೆಕ್ಕ ಹೊಂದದಿದ್ದರೆ ಬಾಣಂತಿಯನ್ನು ಟೇಬಲ್ಲಿನಿಂದ ಇಳಿಸಬೇಡಿ. ಸೂಜಿ ಬಿಳಿ ಡಬ್ಬಿಗೆ, ರಕ್ತದ ಗಾಜ್ ಹಳದಿ ಚೀಲಕ್ಕೆ, ಗ್ಲೌಸ್ ಕೆಂಪು ಚೀಲಕ್ಕೆ. ನಿಮಗೆ ಸೂಜಿ ಚುಚ್ಚಿದರೆ ಹಿಂಡಬೇಡಿ, ಸೋಪು ನೀರಿನಲ್ಲಿ ತೊಳೆದು ತಕ್ಷಣ ತಿಳಿಸಿ. ಎಚ್‌ಐವಿ ತಡೆ ಮಾತ್ರೆ ಬೇಕಾದರೆ 2 ಗಂಟೆಯೊಳಗೆ ಶುರು ಮಾಡುವುದು ಉತ್ತಮ, 72 ಗಂಟೆ ದಾಟಬಾರದು.

ಕೇಸ್ ಶೀಟಿನಲ್ಲಿ ಬರೆಯಿರಿ: ಯಾವ ಡಿಗ್ರಿ, ಎಲ್ಲಿ, ಯಾವ ದಾರ, ಎಷ್ಟು ಲಿಗ್ನೋಕೇನ್, ಮೊದಲೂ ಆಮೇಲೂ ಗುದಪರೀಕ್ಷೆಯಲ್ಲಿ ಕಂಡದ್ದು, ಎಣಿಕೆ ಸರಿಯಿತ್ತೇ. ಸಣ್ಣ ಚಿತ್ರ ಬರೆದಿಟ್ಟರೆ ಇನ್ನೂ ಒಳ್ಳೆಯದು.

ತೊಂದರೆಯಿಲ್ಲದ ಮೊದಲ, ಎರಡನೇ ಡಿಗ್ರಿ ಸೀಳಿಗೆ ಸುಮ್ನೆ ಆಂಟಿಬಯೋಟಿಕ್ ಬರೆಯುವುದು ಬೇಕಿಲ್ಲ. ನೋವಿನ ಔಷಧಿ ಬೇಕು. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎರಡೂ ಎದೆಹಾಲು ಕೊಡುವಾಗ ತೆಗೆದುಕೊಳ್ಳಬಹುದು. ಆದರೆ ಅಸ್ತಮಾ, ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಬಿಪಿ ಅಥವಾ ಜಾಸ್ತಿ ರಕ್ತಸ್ರಾವ ಇದ್ದವರಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡುವ ಮೊದಲು ಡಾಕ್ಟರನ್ನು ಕೇಳಿ.

## ಹಂತ 11: ಮನೆಗೆ ಕಳಿಸುವಾಗ ಹೇಳಬೇಕಾದದ್ದು

ಇದನ್ನು ಬಾಣಂತಿಗೆ ಮಾತ್ರ ಹೇಳಿದರೆ ಸಾಲದು. ಬಾಣಂತನ ಮಾಡುವ ತಾಯಿಗೋ ಅತ್ತೆಗೋ ಎದುರಿಗೆ ಕೂರಿಸಿಕೊಂಡು ಹೇಳಿ, ಮನೆಯಲ್ಲಿ ನಡೆಯುವುದು ಅವರ ಮಾತೇ.

ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು 10 ನಿಮಿಷ ಇಟ್ಟರೆ ಊತ, ನೋವು ತಗ್ಗುತ್ತದೆ. ಪ್ಯಾಡನ್ನು ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಬೇಕು. ಮೂತ್ರ, ಮಲ ಆದಮೇಲೆ ಮುಂದಿನಿಂದ ಹಿಂದಕ್ಕೆ ತೊಳೆದು, ಒತ್ತಿ ಒಣಗಿಸಬೇಕು, ಉಜ್ಜಬಾರದು. ಹೆರಿಗೆಯಾದ 6 ಗಂಟೆಯೊಳಗೆ ಮೂತ್ರ ಆಗಬೇಕು, ಆಗದಿದ್ದರೆ ವಾರ್ಡಿನಲ್ಲೇ ತಿಳಿಸಲಿ.

ಎರೆದುಕೊಳ್ಳುವ ಸ್ನಾನ ಬೇಡ ಅನ್ನಬೇಕಿಲ್ಲ. ಸುಡುವ ನೀರನ್ನು ಗಾಯದ ಮೇಲೆ ರಭಸವಾಗಿ ಎರಚುವುದು ಬೇಡ, ಬೆಚ್ಚಗಿನ ನೀರು ಸಾಕು. ಗಾಯಕ್ಕೆ ಅರಿಶಿನ, ಎಣ್ಣೆ, ಬೂದಿ ಹಚ್ಚಬಾರದು. ಕೆಂಡದ ಮೇಲೆ ಕಾಲಗಲಿಸಿ ಕೂತು ಹೊಗೆ ಹಾಕಿಕೊಳ್ಳುವುದರಿಂದ ಸುಟ್ಟಗಾಯ ಆಗಬಹುದು.

ಬಾಣಂತಿಗೆ ನೀರು ಜಾಸ್ತಿ ಕೊಡಬಾರದು, ಸೊಪ್ಪು ತರಕಾರಿ ಕೊಡಬಾರದು ಅನ್ನುವ ಪದ್ಧತಿ ಅನೇಕ ಮನೆಗಳಲ್ಲಿದೆ. ಹೊಲಿಗೆಗೆ ಇದೇ ದೊಡ್ಡ ಶತ್ರು. ಮಲ ಗಟ್ಟಿಯಾಗುತ್ತದೆ, ತಿಣುಕಬೇಕಾಗುತ್ತದೆ, ನೋವಿಗೆ ಹೆದರಿ ತಡೆದುಕೊಂಡರೆ ಇನ್ನೂ ಗಟ್ಟಿ. ಬಿಸಿನೀರೇ ಆಗಲಿ, ಧಾರಾಳವಾಗಿ ಕುಡಿಯಲಿ. ತೊವ್ವೆ, ಸೊಪ್ಪು, ಹಣ್ಣು ತಿನ್ನಲಿ. ಆದರೂ ಕಷ್ಟವಾದರೆ ಲ್ಯಾಕ್ಟುಲೋಸ್ ಸಿರಪ್ ಅಥವಾ ಇಸಬ್‌ಗೋಲ್ ಕೊಡಬಹುದು. ಮಲ ವಿಸರ್ಜನೆಗೆ ಕೂತಾಗ ಶುದ್ಧ ಪ್ಯಾಡನ್ನು ಹೊಲಿಗೆಯ ಮೇಲೆ ಮೆಲ್ಲಗೆ ಒತ್ತಿ ಹಿಡಿದರೆ ಧೈರ್ಯ ಬರುತ್ತದೆ.

ದಾರ ತಾನಾಗಿ ಕರಗುತ್ತದೆ, ಚೂರುಗಳು ಪ್ಯಾಡಿನಲ್ಲಿ ಕಂಡರೆ ಗಾಬರಿ ಬೇಡ ಅಂತಲೂ ಹೇಳಿ. ನೋವು ತಗ್ಗಿದ ಮೇಲೆ ಮೂತ್ರ ತಡೆಹಿಡಿದಂತೆ ಸ್ನಾಯು ಬಿಗಿದು ಬಿಡುವ ವ್ಯಾಯಾಮ ಶುರು ಮಾಡಲಿ.

## ತಕ್ಷಣ ವಾಪಸ್ ಬರಬೇಕಾದ ಲಕ್ಷಣಗಳು

ಮೊದಲ ಕೆಲವು ಗಂಟೆಗಳಲ್ಲಿ ಹೊಲಿಗೆಯ ಜಾಗದಲ್ಲಿ ತಡೆಯಲಾರದ ನೋವು, ಗುದದ ಕಡೆ ಒತ್ತಿದಂತೆ, ಪದೇ ಪದೇ ಮಲಕ್ಕೆ ಹೋಗಬೇಕು ಅನಿಸುವುದು. ಒಳಗೆ ರಕ್ತ ತುಂಬಿ ಗಡ್ಡೆಯಾಗುತ್ತಿರಬಹುದು. ಹೊರಗೆ ರಕ್ತವೇ ಕಾಣದಿರಬಹುದು. ಹೊಲಿಗೆ ಹಾಕಿದ್ದಾರಲ್ಲ, ನೋವು ಇದ್ದಿದ್ದೇ ಅಂತ ಮಾತ್ರೆ ಕೊಟ್ಟು ಮಲಗಿಸಬೇಡಿ. ತೆರೆದು ನೋಡಿ, ನಾಡಿ ಬಿಪಿ ನೋಡಿ.

ಒಂದು ಗಂಟೆಯಲ್ಲೇ ಪ್ಯಾಡ್ ಪೂರ್ತಿ ತೊಯ್ದರೆ, ಅದು ತುರ್ತು.

ನಂತರದ ದಿನಗಳಲ್ಲಿ: ಕಡಿಮೆಯಾಗುತ್ತಿದ್ದ ನೋವು ಮತ್ತೆ ಏರುವುದು, ಕೀವು, ಕೆಟ್ಟ ವಾಸನೆ, 100.4 ಡಿಗ್ರಿ ಅಥವಾ ಹೆಚ್ಚಿನ ಜ್ವರ, ಗಾಯ ಬಾಯಿಬಿಡುವುದು. ಗಾಳಿ ಅಥವಾ ಮಲ ತಡೆಯಲು ಆಗದಿರುವುದು, ಯೋನಿಯಿಂದ ಮಲ ಬರುವುದು. ಈ ಕೊನೆಯದನ್ನು ನಾಚಿಕೆಯಿಂದ ಯಾರೂ ತಾವಾಗಿ ಹೇಳುವುದಿಲ್ಲ, ಕೇಳಬೇಕು. ಆಶಾ ಕಾರ್ಯಕರ್ತೆಯರು ಮಗುವನ್ನು ನೋಡಲು 3, 7, 14, 21, 28, 42ನೇ ದಿನ ಮನೆಗೆ ಹೋಗುತ್ತಾರೆ. ಆ ಭೇಟಿಗಳಲ್ಲಿ, ಅದರಲ್ಲೂ 3 ಮತ್ತು 7ನೇ ದಿನ, "ಅಕ್ಕಾ, ಹೊಲಿಗೆ ಹೇಗಿದೆ, ಹಿಂದುಗಡೆ ಹಿಡಿತ ಇದೆಯಾ" ಅಂತ ಬಾಣಂತಿಯನ್ನು ಒಬ್ಬಳೇ ಇದ್ದಾಗ ಕೇಳಿದರೆ ಎಷ್ಟೋ ವಿಷಯ ಹೊರಬರುತ್ತದೆ.

ಹೊಲಿಗೆ ಬಿಟ್ಟುಕೊಂಡು ಬಂದರೆ ಅದೇ ಕ್ಷಣ ಮತ್ತೆ ಹೊಲಿಯಲು ಹೋಗಬೇಡಿ. ಸೋಂಕಿರುವ ಗಾಯವನ್ನು ಮುಚ್ಚಿದರೆ ಕೀವು ಒಳಗೇ ಉಳಿಯುತ್ತದೆ. ತೊಳೆದು, ಡಾಕ್ಟರಿಗೆ ತೋರಿಸಿ. ಸಣ್ಣ ಬಿರುಕುಗಳು ತಳದಿಂದ ತಾವಾಗಿ ತುಂಬಿಕೊಂಡು ಬರುತ್ತವೆ, ದೊಡ್ಡದಾಗಿದ್ದರೆ ಸೋಂಕು ಹೋದ ಮೇಲೆ ಮತ್ತೆ ಹೊಲಿಯುವುದನ್ನು ತಜ್ಞರು ತೀರ್ಮಾನಿಸುತ್ತಾರೆ. ಗಾಯ ಪೂರ್ತಿ ಮಾಗಿದ ಮೇಲೆ, ಆಕೆಗೆ ಇಷ್ಟವಿದ್ದಾಗ ಮಾತ್ರ ಗಂಡ ಹೆಂಡತಿ ಸೇರಬಹುದು. ಮೂರು ತಿಂಗಳು ಕಳೆದರೂ ಕೂಡುವಾಗ ನೋವಿದ್ದರೆ ಅದು ಸಹಜವಲ್ಲ, ಮತ್ತೆ ತೋರಿಸಿಕೊಳ್ಳಲು ಬರಬೇಕು ಅಂತ ಡಿಸ್ಚಾರ್ಜ್ ದಿನವೇ ಇಬ್ಬರಿಗೂ ಹೇಳಿ ಕಳಿಸಿ.